ಬೆಂಗಳೂರಿನ ಕೆರೆಗಳಲ್ಲಿ ಒಂದು ದಿನದ ಹಕ್ಕಿ ವೀಕ್ಷಣೆ: ಯಾವ ತಿಂಗಳು, ಯಾವ ಕೆರೆ, ಎಲ್ಲಿ ನಿಲ್ಲಬೇಕು

"ಭಾನುವಾರ ಒಂದು ದಿನ ಬಿಡುವಿದೆ, ಹಕ್ಕಿ ನೋಡೋಕೆ ಯಾವ ಕೆರೆಗೆ ಹೋಗಲಿ?" ಚಳಿಗಾಲ ಶುರುವಾಗುತ್ತಿದ್ದಂತೆ ಓದುಗರು ಕೇಳುವ ಪ್ರಶ್ನೆ ಇದೇ. ಒಂದು ಕೆರೆಯ ಹೆಸರು ಹೇಳಿ ಸುಮ್ಮನಾಗಬಹುದು, ಆದರೆ ಅದರಿಂದ ನಿಮಗೆ ಹೆಚ್ಚು ಪ್ರಯೋಜನವಿಲ್ಲ. ನವೆಂಬರಿನಲ್ಲಿ ಏರಿಯ ಅಂಚಿನವರೆಗೂ ತುಂಬಿರುವ ಕೆರೆಯಲ್ಲಿ ಸಿಗುವ ಹಕ್ಕಿಗಳೇ ಬೇರೆ. ಮಾರ್ಚಿನಲ್ಲಿ ಅದೇ ಕೆರೆಯ ನೀರು ಹಿಂದೆ ಸರಿದು ಕೆಸರು ಕಂಡಾಗ ಬರುವ ಹಕ್ಕಿಗಳೇ ಬೇರೆ. ಮೊದಲು ನೀರಿನ ಮಟ್ಟ ನೋಡಿ, ಆಮೇಲೆ ಕೆರೆ ಆರಿಸಿ. ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿ, ಆಮೇಲೆ ನಿಲ್ಲುವ ಜಾಗ ಆರಿಸಿ. ಇವೆರಡು ಸರಿಯಾದರೆ ಸಾಧಾರಣ ಬೈನಾಕ್ಯುಲರ್ ಹಿಡಿದವರಿಗೂ ಒಳ್ಳೆಯ ದಿನ ಸಿಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಒಂದು ದಿನಕ್ಕೆ ಎರಡು ಕೆರೆ ಸಾಕು, ಹೆಚ್ಚೆಂದರೆ ಮೂರು. ಐದಾರು ಕೆರೆ ಸುತ್ತುವ ಪಟ್ಟಿ ಹಾಕಿಕೊಂಡು ಹೊರಟವರು ಅರ್ಧ ದಿನವನ್ನು ಹೊರವರ್ತುಲ ರಸ್ತೆಯ ಸಿಗ್ನಲ್‌ಗಳಲ್ಲೇ ಕಳೆಯುತ್ತಾರೆ.

ಹಂತ 1: ಕೆರೆಯ ರಚನೆ ತಿಳಿದುಕೊಳ್ಳಿ

ನಮ್ಮ ಕೆರೆಗಳು ತಾವಾಗಿ ಆದವಲ್ಲ. ಇಳಿಜಾರಿನಲ್ಲಿ ಹರಿದುಬರುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದವು. ಒಂದು ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆ ಸೇರುತ್ತದೆ. ಯಲಹಂಕದ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಹೀಗೇ ಹೋಗುತ್ತದೆ. ಹಕ್ಕಿ ನೋಡುವವರಿಗೆ ಈ ರಚನೆ ಬಹಳ ಮುಖ್ಯ, ಏಕೆಂದರೆ ಹಕ್ಕಿಗಳು ಕೆರೆಯಲ್ಲಿ ಹಂಚಿಕೊಂಡಿರುವುದು ನೀರಿನ ಆಳಕ್ಕೆ ತಕ್ಕಂತೆ.

ಏರಿಯ ಬುಡದಲ್ಲಿ ನೀರು ಆಳ. ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿ, ಪುಟ್ಟ ಗುಳುಮುಳುಕ, ತೇಲಿಕೊಂಡೇ ಬೇಟೆಯಾಡುವ ಹೆಜ್ಜಾರ್ಲೆ (ಪೆಲಿಕನ್) ಸಾಮಾನ್ಯವಾಗಿ ಇಲ್ಲಿರುತ್ತವೆ. ಏರಿಗೆ ಎದುರಿನ ಬದಿ, ಅಂದರೆ ಕಾಲುವೆಯ ನೀರು ಕೆರೆಯೊಳಗೆ ಬರುವ ಕಡೆ, ಆಳ ಕಡಿಮೆ. ಹೂಳು ಸೇರುವುದು ಅಲ್ಲೇ, ಜೊಂಡು ಬೆಳೆಯುವುದೂ ಅಲ್ಲೇ. ನೇರಳೆ ಬಣ್ಣದ ಜಂಬುಕೋಳಿ, ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿ, ಹುಂಡುಕೋಳಿ, ಬಕಗಳು, ಕೆಸರಿನಲ್ಲಿ ಹುಳು ಹೆಕ್ಕುವ ಉಲ್ಲಂಕಿ, ಗೊರವ ಎಲ್ಲ ಈ ಭಾಗದವು. ಕೋಡಿ ಹರಿಯುವ ದಿನಗಳಲ್ಲಿ ಅದರ ಕೆಳಗಿನ ಸಣ್ಣ ಹರಿವಿನಲ್ಲಿ ಮೀನು ಸಿಕ್ಕಿಬೀಳುತ್ತವೆ, ಬೆಳ್ಳಕ್ಕಿ ಮತ್ತು ಮಿಂಚುಳ್ಳಿಗಳು ಅಲ್ಲಿ ಕಾದಿರುತ್ತವೆ. ಮಧ್ಯದಲ್ಲಿ ನಡುಗಡ್ಡೆ ಇದ್ದರೆ ಅದರ ಮರಗಳಲ್ಲಿ ಗೂಡುಗಳಿರಬಹುದು, ಸಂಜೆ ತಂಗಲು ಬರುವ ಹಿಂಡುಗಳೂ ಇರಬಹುದು.

ಹೆಚ್ಚಿನವರು ಮಾಡುವ ತಪ್ಪು, ವಾಹನ ನಿಲ್ಲಿಸಿದ ಕಡೆಯಿಂದ ಏರಿ ಹತ್ತಿ, ಏರಿಯ ಮೇಲೆಯೇ ಓಡಾಡಿ ವಾಪಸಾಗುವುದು. ಹೆಜ್ಜಾರ್ಲೆ ಕಂಡಿರುತ್ತದೆ, ಕೆರೆಯ ಅರ್ಧ ಜಾತಿಗಳು ಕಂಡಿರುವುದಿಲ್ಲ.

ಕೆಸರಿನ ಅಂಚಿಗೆ ಇಷ್ಟು ಮಹತ್ವ ಏಕೆ? ಚಿಕ್ಕ ಗೊರವವೊಂದು ನಡೆದು ಹುಳು ಹೆಕ್ಕಲು ನೀರು ಒಂದೆರಡು ಇಂಚಿಗಿಂತ ಆಳ ಇರಬಾರದು. ಗುಲಾಬಿ ಬಣ್ಣದ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಯೂ ಹತ್ತಿರಹತ್ತಿರ ಒಂದು ಗೇಣು ಆಳಕ್ಕಷ್ಟೇ ಇಳಿಯಬಲ್ಲದು. ಹೂಳೆತ್ತುವ ಹೆಸರಿನಲ್ಲಿ ಸುತ್ತಲೂ ಒಂದೇ ಆಳಕ್ಕೆ ತೋಡಿ, ಅಂಚಿಗೆ ಕಲ್ಲು ಕಟ್ಟಿದ ಕೆರೆಗಳು ನಗರದಲ್ಲಿ ಬೇಕಾದಷ್ಟಿವೆ. ನೋಡಲು ಚೆಂದ, ನೀರೂ ತುಂಬಿರುತ್ತದೆ, ಆದರೆ ಕಾಲಿಡಲು ಜಾಗವಿಲ್ಲದ ಕಾರಣ ಈ ಹಕ್ಕಿಗಳು ಬರುವುದೇ ಇಲ್ಲ. ಹೊಸ ಕೆರೆಗೆ ಹೋಗುವ ಮೊದಲು ಅಲ್ಲಿ ಇಳಿಜಾರಿನ ಮಣ್ಣಿನ ಅಂಚು ಉಳಿದಿದೆಯೇ ಎಂದು ವಿಚಾರಿಸಿ.

ಹಂತ 2: ತಿಂಗಳು ನೋಡಿ

ಅಕ್ಟೋಬರಿನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳ ಕಾಲ. ಅಕ್ಟೋಬರಿನ ಹೊತ್ತಿಗೆ ಸಿಪಿಲೆಗಳು (ಬಾಲ ಕುಣಿಸುತ್ತ ನೆಲದ ಮೇಲೆ ಓಡುವ ತೆಳ್ಳನೆಯ ಹಕ್ಕಿಗಳು), ಕವಲುತೋಕೆಗಳು ಕಾಣಿಸಿಕೊಳ್ಳುತ್ತವೆ. ಪಿನ್‌ಟೇಲ್, ಶವೆಲರ್, ಗಾರ್ಗನಿಯಂಥ ಬಾತುಗಳು ನವೆಂಬರ್, ಡಿಸೆಂಬರಿನಲ್ಲಿ ಸೇರಿಕೊಳ್ಳುತ್ತವೆ. ಹೊಸಬರಿಗೆ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗಿನ ಸಮಯವೇ ಉತ್ತಮ. ಹಕ್ಕಿಗಳ ವೈವಿಧ್ಯ ಹೆಚ್ಚು, ಬಿಸಿಲು ಕಡಿಮೆ, ಎಲೆ ಉದುರಿದ ಮರಗಳಲ್ಲಿ ಕೂತದ್ದು ಕಣ್ಣಿಗೆ ಬೀಳುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ಮಳೆಯನ್ನೇ ನಂಬಿದ ಕೆರೆಗಳು ಬತ್ತುತ್ತ ಬಂದು ಕೆಸರಿನ ಅಂಗಳ ಅಗಲವಾಗುತ್ತದೆ; ಗೊರವ, ಮೆಟ್ಟುಗಾಲು, ಕೆಂಬರಲುಗಳಿಗೆ (ಬಾಗಿದ ಉದ್ದ ಕೊಕ್ಕಿನ ಹಕ್ಕಿಗಳು) ಇದೇ ಹಬ್ಬದ ಕಾಲ. ಆದರೆ ಒಂಬತ್ತೂವರೆ ದಾಟಿದರೆ ಬಿಸಿಲಿಗೆ ನೀರಿನ ಮೇಲಿನ ಗಾಳಿ ನಡುಗಿ, ದೂರದ ಹಕ್ಕಿ ಬೈನಾಕ್ಯುಲರ್‌ನಲ್ಲಿ ಕಲಸಿದಂತೆ ಕಾಣುತ್ತದೆ. ದುಬಾರಿ ಬೈನಾಕ್ಯುಲರ್ ಇದ್ದರೂ ಅಷ್ಟೇ. ಸಂಸ್ಕರಿಸಿದ ಕೊಳಚೆನೀರು ಹರಿದುಬರುವ ನಗರದ ಕೆರೆಗಳು ಬೇಸಿಗೆಯಲ್ಲೂ ತುಂಬಿಯೇ ಇರುತ್ತವೆ ಎಂಬುದನ್ನೂ ನೆನಪಿಡಿ.

ಜೂನ್‌ನಿಂದ ಸೆಪ್ಟೆಂಬರ್: ವಲಸಿಗರು ಬಹಳ ಕಡಿಮೆ, ಮೋಡ ಜಾಸ್ತಿ. ಆದರೆ ಜಂಬುಕೋಳಿ, ದೇವನಕ್ಕಿಗಳು ಮರಿ ಮಾಡುವುದು, ಗೀಜಗ ಗೂಡು ನೇಯುವುದು ಈ ತಿಂಗಳುಗಳಲ್ಲೇ. ಮಕ್ಕಳ ಜೊತೆ ಹೋಗುವವರು ಮಳೆಗಾಲವನ್ನು ಪೂರ್ತಿ ಕೈಬಿಡಬೇಡಿ.

ಹಂತ 3: ಕೆರೆ ಆರಿಸಿ

*ಜಕ್ಕೂರು ಕೆರೆ.* ಮೊದಲ ಬಾರಿ ಹೊರಡುವವರಿಗೆ ನಮ್ಮ ಮೊದಲ ಆಯ್ಕೆ. ಸುಮಾರು 160 ಎಕರೆ ವಿಸ್ತಾರ. ಉತ್ತರದ ತುದಿಯಲ್ಲಿ ಕೊಳಚೆನೀರಿನ ಸಂಸ್ಕರಣಾ ಘಟಕವಿದೆ. ಅಲ್ಲಿಂದ ಬಂದ ನೀರು ಜೊಂಡು ಬೆಳೆಸಿದ ಕೃತಕ ಜೌಗಿನ ಮೂಲಕ ಸೋಸಿ ಕೆರೆ ಸೇರುತ್ತದೆ. ಹೀಗಾಗಿ ಬೇಸಿಗೆಯಲ್ಲೂ ನೀರಿರುತ್ತದೆ, ಉತ್ತರದ ತುದಿಯಲ್ಲಿ ಜೊಂಡು, ದಕ್ಷಿಣದಲ್ಲಿ ಆಳದ ನೀರು, ನಡುವೆ ನಡುಗಡ್ಡೆ, ಎಲ್ಲವೂ ಒಂದೇ ಕಡೆ ಸಿಗುತ್ತವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳನ್ನು ಹುಡುಕಬೇಕಾಗಿಲ್ಲ. ಬಸ್ಸಿನಲ್ಲಿ ಬರುವವರು ಬಳ್ಳಾರಿ ರಸ್ತೆಯಲ್ಲಿ ಜಕ್ಕೂರು ವಿಮಾನ ತರಬೇತಿ ಮೈದಾನದ ಹತ್ತಿರ ಇಳಿದು ಆಟೋ ಹಿಡಿಯಬಹುದು.

*ಪುಟ್ಟೇನಹಳ್ಳಿ ಕೆರೆ, ಯಲಹಂಕ.* ಚಿಕ್ಕ ಕೆರೆ, ಆದರೆ ಪಕ್ಷಿ ಸಂರಕ್ಷಣಾ ಮೀಸಲು ಎಂದು ಸರ್ಕಾರ 2015ರಲ್ಲಿ ಘೋಷಿಸಿದ ಜಾಗ. ಗಮನಿಸಿ, ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಕೆರೆ ಎರಡಿವೆ. ಇನ್ನೊಂದು ಜೆ.ಪಿ. ನಗರ 7ನೇ ಹಂತದ ಬಳಿ, ನಗರದ ದಕ್ಷಿಣ ತುದಿಯಲ್ಲಿದೆ. ಮ್ಯಾಪಿನಲ್ಲಿ ಬರೀ "ಪುಟ್ಟೇನಹಳ್ಳಿ ಕೆರೆ" ಎಂದು ಹಾಕಿದರೆ ಯಾವುದು ಬರುತ್ತದೋ ಹೇಳಲಾಗದು. ಗುಂಪಿನಲ್ಲಿ ಹೊರಟಾಗ ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ ಆಗಿಬಿಡುತ್ತದೆ. ಹೆಸರಿನ ಜೊತೆ "ಯಲಹಂಕ" ಎಂದು ಸೇರಿಸಿ, ಲೊಕೇಶನ್ ಪಿನ್ ಕಳಿಸಿ.

*ಹೆಸರಘಟ್ಟ.* 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ. ವರ್ಷಗಟ್ಟಲೆ ಒಣಗಿರುವುದೂ ಉಂಟು, ಒಳ್ಳೆಯ ಮಳೆಯಾದರೆ ತುಂಬುವುದೂ ಉಂಟು, ಹಾಗಾಗಿ ನೀರಿದೆಯೇ ಎಂದು ನೋಡದೆ ಹೊರಡಬೇಡಿ. ಪಕ್ಕದ ಹುಲ್ಲುಗಾವಲು ನಗರದ ಸುತ್ತ ಉಳಿದಿರುವ ಅಪರೂಪದ ಆವಾಸ. ಚಳಿಗಾಲದಲ್ಲಿ ಸೆಳೆವಗಳು (ಹುಲ್ಲಿನ ಮೇಲೆ ತಗ್ಗಿನಲ್ಲಿ, ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ತೇಲುವ ಬೇಟೆ ಹಕ್ಕಿಗಳು) ಇಲ್ಲಿ ರಾತ್ರಿ ತಂಗಲು ಬರುತ್ತವೆ. ಹುಲ್ಲುಗಾವಲಿನಲ್ಲಿ ಪ್ರವೇಶಕ್ಕೂ ಛಾಯಾಗ್ರಹಣಕ್ಕೂ ನಿರ್ಬಂಧಗಳಿರುತ್ತವೆ, ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಿ. ರಸ್ತೆ ಬಿಟ್ಟು ಹುಲ್ಲಿನ ಮೇಲೆ ಕಾರು, ಬೈಕು ಇಳಿಸಲೇಬೇಡಿ; ನೆಲಗುಬ್ಬಿ, ಟಿಟ್ಟಿಭಗಳು ನೆಲದಲ್ಲೇ ಮೊಟ್ಟೆಯಿಡುತ್ತವೆ, ಟೈರಿನ ಕೆಳಗೆ ಏನು ಸಿಕ್ಕಿತೆಂದು ನಿಮಗೆ ಗೊತ್ತೂ ಆಗುವುದಿಲ್ಲ.

*ಮಡಿವಾಳ, ಕೈಕೊಂಡ್ರಹಳ್ಳಿ.* ದಕ್ಷಿಣ ಮತ್ತು ಪೂರ್ವ ಬೆಂಗಳೂರಿನವರು ಉತ್ತರದವರೆಗೆ ಬರಬೇಕಿಲ್ಲ. ಬಿ.ಟಿ.ಎಂ. ಬಡಾವಣೆಯ ಮಡಿವಾಳ ಕೆರೆ ದೊಡ್ಡದು, ಹೆಜ್ಜಾರ್ಲೆಗಳಿಗೆ ಹೆಸರಾದದ್ದು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಚಿಕ್ಕದು, ದಾರಿ ಚೆನ್ನಾಗಿದೆ, ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯಲು ಅನುಕೂಲ.

*ಕೊಕ್ಕರೆ ಬೆಳ್ಳೂರು.* ಮದ್ದೂರು ತಾಲ್ಲೂಕಿನ ಊರು, ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಇಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ, ಮನೆಗಳ ಹಿತ್ತಿಲಿನಲ್ಲಿ. 2007ರಲ್ಲಿ ಇದನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಜುಲೈನಲ್ಲಿ ಹೋದರೆ ಖಾಲಿ ಮರ ನೋಡಿ ಬರಬೇಕಾಗುತ್ತದೆ. ಮರವಿರುವುದು ಯಾರದೋ ಅಂಗಳದಲ್ಲಿ, "ಅಮ್ಮಾ, ಒಳಗೆ ಬಂದು ನೋಡಬಹುದಾ?" ಎಂದು ಕೇಳಿ ಕಾಲಿಡಿ. ಗೂಡಿನ ಕೆಳಗೆ ನಿಲ್ಲುವಾಗ ಟೋಪಿ ಇರಲಿ. ಮೈಸೂರು ಹೆದ್ದಾರಿಯಿಂದ ರುದ್ರಾಕ್ಷಿಪುರದ ಬಳಿ ತಿರುಗಬೇಕು. ಮುಖ್ಯ ಪಥದಲ್ಲೇ ಹೋದರೆ ತಿರುವು ತಪ್ಪಿ ಬಹಳ ಮುಂದೆ ಹೋಗಿಬಿಡುತ್ತೀರಿ, ಚನ್ನಪಟ್ಟಣ ದಾಟಿದ ಮೇಲೆ ಸರ್ವಿಸ್ ರಸ್ತೆ ಹಿಡಿಯಿರಿ. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ, ಪೂರ್ತಿ ಸರ್ವಿಸ್ ರಸ್ತೆಯಲ್ಲೇ ಹೋಗಬೇಕಾದ್ದರಿಂದ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ರಂಗನತಿಟ್ಟಿನ ಬಗ್ಗೆಯೂ ಕೇಳುತ್ತಾರೆ. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ ಪಡೆದ) ಜಾಗ ಅದು. ದೋಣಿಯಿಂದ ಹಕ್ಕಿಗಳು ಬಹಳ ಹತ್ತಿರ ಸಿಗುತ್ತವೆ. ಆದರೆ ಒಂದು ದಿನದಲ್ಲಿ ಹೋಗಿಬರುವುದು ಅವಸರದ ಕೆಲಸ, ಮೇಲಾಗಿ ಕೆ.ಆರ್.ಎಸ್.ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ರಾತ್ರಿ ಮೈಸೂರಿನಲ್ಲೋ ಶ್ರೀರಂಗಪಟ್ಟಣದಲ್ಲೋ ಉಳಿಯುವಂತಿದ್ದರೆ ಹೋಗಿ.

ಹಂತ 4: ಹಿಂದಿನ ದಿನದ ಕೆಲಸ

ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ನಿಮ್ಮ ಕೆರೆಯ ಹೆಸರಿನ "ಹಾಟ್‌ಸ್ಪಾಟ್" ಪುಟ ತೆರೆಯಿರಿ. ಹಾಟ್‌ಸ್ಪಾಟ್ ಎಂದರೆ ಹಲವು ವೀಕ್ಷಕರು ಒಂದೇ ಜಾಗದ ಪಟ್ಟಿಗಳನ್ನು ಸೇರಿಸುವ ತಾಣ. ಕಳೆದ ಒಂದು ವಾರದ ಪಟ್ಟಿಗಳನ್ನಷ್ಟೇ ನೋಡಿ. ಹಿಂದೆಂದೋ ಒಮ್ಮೆ ಕಂಡ ಅಪರೂಪದ ಹಕ್ಕಿಯ ಆಸೆಗೆ ಕೆರೆ ಆರಿಸಿದರೆ ನಿರಾಶೆಯೇ ಗತಿ. ಗೊರವ, ಮೆಟ್ಟುಗಾಲುಗಳು ಪಟ್ಟಿಯಲ್ಲಿದ್ದರೆ ಕೆಸರು ಬಿಟ್ಟಿದೆ ಎಂದರ್ಥ. ಬರೀ ನೀರುಕಾಗೆ, ಗುಳುಮುಳುಕ, ನಾಮದ ಕೋಳಿ (ಹಣೆಯಲ್ಲಿ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿ) ಇದ್ದರೆ ಕೆರೆ ತುಂಬಿದೆ.

ನೀರಿನ ಮಟ್ಟಕ್ಕೆ ಗೂಗಲ್ ಮ್ಯಾಪಿನ ಉಪಗ್ರಹ ಚಿತ್ರ ನಂಬಬೇಡಿ, ಅದು ಎಷ್ಟೋ ತಿಂಗಳು ಹಳೆಯದಿರುತ್ತದೆ. ಕೋಪರ್ನಿಕಸ್ ಬ್ರೌಸರ್ ಎಂಬ ಉಚಿತ ತಾಣದಲ್ಲಿ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಸುಮಾರು ಐದು ದಿನಕ್ಕೊಮ್ಮೆ ಹೊಸದಾಗಿ ಬರುತ್ತದೆ. ಮೋಡವಿಲ್ಲದ ದಿನಾಂಕ ಆರಿಸಿ, ಕೆರೆಯ ಮೇಲೆ ಹಿಗ್ಗಿಸಿ ನೋಡಿ. ಒಂದು ಚುಕ್ಕೆ ಹತ್ತು ಮೀಟರಿಗೆ ಸಮ, ಹಕ್ಕಿ ಕಾಣುವುದಿಲ್ಲ, ಆದರೆ ನೀರು ಎಲ್ಲಿಯವರೆಗಿದೆ, ಕೆಸರು ಎಲ್ಲಿ ಶುರು ಎಂಬುದು ಚೆನ್ನಾಗಿ ತಿಳಿಯುತ್ತದೆ. ಹಸಿರಾಗಿ ಕಂಡದ್ದೆಲ್ಲ ಹುಲ್ಲಲ್ಲ. ನಗರದ ಕೆರೆಗಳಲ್ಲಿ ಅದು ನೀರಿನ ಮೇಲೆ ಹರಡಿದ ಅಂತರಗಂಗೆಯ ಕಳೆಯೂ ಆಗಿರಬಹುದು.

ಗೇಟಿನ ಸಮಯ ವಿಚಾರಿಸಿ. ಪಾಲಿಕೆಯ ಅನೇಕ ಕೆರೆಗಳು ಬೆಳಗ್ಗೆ ಮತ್ತು ಸಂಜೆ ಮಾತ್ರ ತೆರೆದಿದ್ದು, ನಡುಹಗಲು ಬೀಗ ಹಾಕುತ್ತಾರೆ. ಭಾನುವಾರ ಮೆಟ್ರೋ ಶುರುವಾಗುವುದೇ ಬೆಳಗ್ಗೆ ಏಳಕ್ಕೆ, ಅದನ್ನು ನಂಬಿದರೆ ದಿನದ ಅತ್ಯುತ್ತಮ ಗಂಟೆ ಕಳೆದುಹೋಗುತ್ತದೆ. ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತದೆ. ಆ ವಾರ ಯಲಹಂಕ, ಜಕ್ಕೂರಿನ ಕಡೆ ಬರಬೇಡಿ. ರಸ್ತೆ ತುಂಬಿರುತ್ತದೆ, ಸದ್ದಿಗೆ ಹಕ್ಕಿಗಳೂ ಬೆದರಿರುತ್ತವೆ.

ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಎಂಬ ಉಚಿತ ಆ್ಯಪ್ ಹಾಕಿಕೊಂಡರೆ ಭಾರತದ ಹಕ್ಕಿಗಳ ಪ್ಯಾಕನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಅದು ದೊಡ್ಡ ಕಡತ, ಕೆರೆಯ ಬಳಿ ಸಿಗ್ನಲ್ ನಂಬಿ ಕೂರಬೇಡಿ.

ಹಂತ 5: ಬೈನಾಕ್ಯುಲರ್ ಸಿದ್ಧಮಾಡಿಕೊಳ್ಳಿ

ಕೊಳ್ಳುವುದಾದರೆ 8x42. ಮೊದಲ ಸಂಖ್ಯೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. ಹೆಚ್ಚು ಪಟ್ಟು ಎಂದರೆ ಹೆಚ್ಚು ಒಳ್ಳೆಯದು ಎಂದುಕೊಂಡು 12x ಅಥವಾ 16x ತೆಗೆದುಕೊಂಡವರಿಗೆ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗಿ ಕಾಣುತ್ತದೆ, ಹಕ್ಕಿ ಚೌಕಟ್ಟಿಗೇ ಸಿಗುವುದಿಲ್ಲ. ರಸ್ತೆಬದಿಯಲ್ಲೂ ಆನ್‌ಲೈನಿನಲ್ಲೂ ಸಿಗುವ "30x60" ಎಂದು ಬರೆದ ಅಂಗೈಯಗಲದ ಬೈನಾಕ್ಯುಲರ್‌ಗಳ ಮೇಲಿನ ಸಂಖ್ಯೆ ಸುಳ್ಳು. ಮುಂದಿನ ಗಾಜಿಗೆ ಸ್ಕೇಲ್ ಹಿಡಿದು ನೋಡಿದರೆ 60 ಮಿ.ಮೀ. ಇರುವುದೇ ಇಲ್ಲ. ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹೆಸರಿರುವ ಕಂಪನಿಯ 8x42 ಸಿಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಮಕ್ಕಳಿಗೆ 8x30 ಇದ್ದರೆ ಕುತ್ತಿಗೆಗೆ ಭಾರವಾಗದು.

ಬೈನಾಕ್ಯುಲರ್ ಇದ್ದೂ "ಸರಿಯಾಗಿ ಕಾಣಲ್ಲ" ಎನ್ನುವವರಲ್ಲಿ ಹೆಚ್ಚಿನವರು ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುವುದಿಲ್ಲ. ಮನೆಯಲ್ಲೇ, ಹಗಲಿನಲ್ಲಿ, ಮೂವತ್ತು ನಲವತ್ತು ಮೀಟರ್ ದೂರದ ಬೋರ್ಡನ್ನು ನೋಡುತ್ತ ಹೀಗೆ ಮಾಡಿ:

1. ಎರಡು ಕೊಳವೆಗಳನ್ನು ಮಡಚಿ ಬಿಡಿಸಿ, ಎರಡು ವೃತ್ತ ಸೇರಿ ಒಂದೇ ವೃತ್ತ ಕಾಣುವಂತೆ ಅಂತರ ಹೊಂದಿಸಿ.
2. ಕನ್ನಡಕ ಹಾಕುವವರು ಕಣ್ಣಿನ ಬದಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ ತಗ್ಗಿಸಿ. ಹಾಕದವರು ಹೊರಕ್ಕೆ ಎತ್ತಿ. ಇದು ತಪ್ಪಿದರೆ ಅಂಚಿನಲ್ಲಿ ಕಪ್ಪು ಕಪ್ಪು ನೆರಳು ಬರುತ್ತದೆ.
3. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ. ಎರಡೂ ಕಣ್ಣು ತೆರೆದೇ ಇರಲಿ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಬೋರ್ಡಿನ ಅಕ್ಷರ ಚೂಪಾಗಿ ಕಾಣುವಂತೆ ಮಾಡಿ.
4. ಈಗ ಎಡಗಡೆ ಮುಚ್ಚಿ. ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಚಿಕ್ಕ ಉಂಗುರವನ್ನು (ಡಯಾಪ್ಟರ್, ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಭಾಗ) ತಿರುಗಿಸಿ ಅದೇ ಅಕ್ಷರ ಚೂಪಾಗಿಸಿ.
5. ಆ ಉಂಗುರ ಯಾವ ಗುರುತಿಗೆ ನಿಂತಿತು ಎಂದು ನೆನಪಿಡಿ. ಇನ್ನು ಮುಂದೆ ನಡುವಿನ ಚಕ್ರ ಮಾತ್ರ ಬಳಸಿ.

ಒಂದೇ ಬೈನಾಕ್ಯುಲರನ್ನು ಮನೆಮಂದಿಯೆಲ್ಲ ಹಂಚಿಕೊಂಡರೆ ಉಂಗುರ ತಿರುಗಿಹೋಗುತ್ತದೆ, ಮೇಲಿನ ಗುರುತು ಆಗ ಉಪಯೋಗಕ್ಕೆ ಬರುತ್ತದೆ. ಹಕ್ಕಿಯನ್ನು ಬೈನಾಕ್ಯುಲರ್‌ನಿಂದ ಹುಡುಕಬೇಡಿ. ಬರಿಗಣ್ಣಿನಿಂದ ಕಂಡ ಹಕ್ಕಿಯ ಮೇಲೆ ನೋಟ ನೆಟ್ಟು, ತಲೆ ಅಲುಗಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ.

ಉಳಿದಂತೆ ತಲಾ ಒಂದೂವರೆ ಲೀಟರ್ ನೀರು, ಟೋಪಿ, ಮಣ್ಣಿನ ಅಥವಾ ಎಲೆಯ ಬಣ್ಣದ ಬಟ್ಟೆ, ಕಾಲುಮುಚ್ಚುವ ಶೂ, ಸೊಳ್ಳೆ ಮುಲಾಮು, ಪುಟ್ಟ ಪುಸ್ತಕ, ಪೆನ್ಸಿಲ್. ಬಿಳಿ ಶರ್ಟ್ ಬೇಡ. ಗಾಢ ಸೆಂಟ್ ಬೇಡ, ಏರಿಯ ದೊಡ್ಡ ಮರಗಳಲ್ಲಿ ಹೆಜ್ಜೇನು ಇರುತ್ತದೆ.

ಹಂತ 6: ದಿನದ ವೇಳಾಪಟ್ಟಿ

ಜನವರಿಯ ಒಂದು ದಿನಕ್ಕೆ, ಜಕ್ಕೂರು ಮತ್ತು ಹೆಸರಘಟ್ಟ ಸೇರಿಸಿ ಹಾಕಿದ ಮಾದರಿ ಇದು. ಜನವರಿಯಲ್ಲಿ ಸೂರ್ಯೋದಯ ಸುಮಾರು 6:45ಕ್ಕೆ.

6:30ಕ್ಕೆ ಜಕ್ಕೂರು ಕೆರೆಯಲ್ಲಿರಿ. ಮೊದಲ ಅರ್ಧ ಗಂಟೆ ಮಂಜಿದ್ದರೆ ದೂರದ್ದೇನೂ ಕಾಣದು, ಆಗ ಜೊಂಡಿನ ಬದಿಯಲ್ಲಿ ನಿಂತು ಕಿವಿಗೊಡಿ. ಬೆಳಕಾದ ಮೇಲೆ ಕೆರೆಯ ಪೂರ್ವ ದಂಡೆಗೆ ಬನ್ನಿ. ಸೂರ್ಯ ನಿಮ್ಮ ಬೆನ್ನಿಗಿರುತ್ತದೆ, ನೀರಿನ ಮೇಲಿನ ಹಕ್ಕಿಯ ಬಣ್ಣ, ಕಾಲು, ಕೊಕ್ಕು ಎಲ್ಲ ಕಾಣುತ್ತದೆ. ಪಶ್ಚಿಮ ದಂಡೆಯಲ್ಲಿ ನಿಂತರೆ ಅದೇ ಹಕ್ಕಿ ಬರೀ ಕಪ್ಪು ಆಕೃತಿ. ಸಂಜೆ ಇದೇ ಲೆಕ್ಕ ಉಲ್ಟಾ.

ಒಂದು ಜಾಗದಲ್ಲಿ ಹತ್ತು ನಿಮಿಷ ನಿಲ್ಲಿ, ಆಮೇಲೆ ನೂರು ಇನ್ನೂರು ಹೆಜ್ಜೆ ನಡೆಯಿರಿ, ಮತ್ತೆ ನಿಲ್ಲಿ. ನೀವು ಬಂದಾಗ ಜೊಂಡಿನೊಳಗೆ ಸೇರಿಕೊಂಡ ಜಂಬುಕೋಳಿ ಮತ್ತೆ ಹೊರಗೆ ಬರಲು ಅಷ್ಟು ಹೊತ್ತು ಬೇಕು. ಒಂಬತ್ತರ ನಂತರ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಆಗ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಆ ಗಾಳಿ ಹಿಡಿದು ಸುತ್ತುತ್ತ ಮೇಲಕ್ಕೆ ಹೋಗುತ್ತವೆ. ತಲೆಯೆತ್ತಿ ನೋಡುವುದನ್ನು ಮರೆಯಬೇಡಿ.

9:45ಕ್ಕೆ ಹೊರಟು ಯಲಹಂಕದಲ್ಲಿ ತಿಂಡಿ. ಉತ್ಸಾಹ ಇದ್ದರೆ, ಗೇಟು ತೆರೆದಿದ್ದರೆ ಅಲ್ಲಿನ ಪುಟ್ಟೇನಹಳ್ಳಿಗೆ ಒಂದು ಗಂಟೆ ಕೊಡಿ. ನಡುಹಗಲು ವಿಶ್ರಾಂತಿ. ಈ ಹೊತ್ತಿನಲ್ಲಿ ಇನ್ನೊಂದು ಕೆರೆ ತುರುಕಲು ಹೋದರೆ ನೀವೂ ದಣಿಯುತ್ತೀರಿ, ಹಕ್ಕಿಗಳೂ ನೆರಳು ಸೇರಿರುತ್ತವೆ. 3:30ರ ಹೊತ್ತಿಗೆ ರಾಜಾನುಕುಂಟೆ ಮೂಲಕ ಹೆಸರಘಟ್ಟ ತಲುಪಿ, ಐದರವರೆಗೆ ಕೆರೆಯ ಬದಿ, ಆಮೇಲೆ ಹುಲ್ಲುಗಾವಲಿನ ಅಂಚಿನ ರಸ್ತೆ. ಸೆಳೆವಗಳು ಇಳಿಯುವುದು ಸೂರ್ಯ ಮುಳುಗುವ ಮುನ್ನಿನ ಮುಕ್ಕಾಲು ಗಂಟೆಯಲ್ಲಿ. ಕತ್ತಲಾಗುವ ಮೊದಲೇ ಮುಖ್ಯರಸ್ತೆ ಸೇರಿಕೊಳ್ಳಿ.

ಹಂತ 7: ಗುರುತಿಸುವುದು

ಮೊದಲ ದಿನವೇ ನಲವತ್ತು ಜಾತಿ ಕಲಿಯಲು ಹೋಗಬೇಡಿ. ಬೆಳ್ಳಕ್ಕಿಗಳಿಂದ ಶುರುಮಾಡಿ, ಎಲ್ಲ ಕೆರೆಯಲ್ಲೂ ಇವೆ, ಎಲ್ಲರೂ ತಪ್ಪುತ್ತಾರೆ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ ಇದ್ದರೆ ಚಿಕ್ಕ ಬೆಳ್ಳಕ್ಕಿ. ಪಾದ ನೀರಿನಲ್ಲಿ ಮುಳುಗಿರುತ್ತದೆ, ಹೆಜ್ಜೆ ಎತ್ತುವವರೆಗೆ ಕಾಯಬೇಕು. ಗಿಡ್ಡ, ದಪ್ಪ ಹಳದಿ ಕೊಕ್ಕು, ಗಿಡ್ಡ ಕುತ್ತಿಗೆ, ಹಸು ಎಮ್ಮೆಗಳ ಹಿಂದೆ ಓಡಾಟ ಇದ್ದರೆ ಗೋವಕ್ಕಿ. ಬೇಸಿಗೆ ಬಂದಂತೆ ತಲೆ, ಕುತ್ತಿಗೆ ಕಿತ್ತಳೆಯಾಗುತ್ತದೆ. ಉಳಿದವು ದೊಡ್ಡ ಮತ್ತು ಮಧ್ಯಮ ಬೆಳ್ಳಕ್ಕಿ. ಇಲ್ಲಿ ಗಾತ್ರ ನಂಬಬೇಡಿ, ಬಾಯಿಯ ಗೆರೆ ನೋಡಿ. ಕೊಕ್ಕಿನ ಬುಡದಿಂದ ಹೊರಟ ಕಪ್ಪು ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತರೆ ಮಧ್ಯಮ.

ನೀರುಕಾಗೆ ಮತ್ತು ಹಾವಕ್ಕಿಗೂ ಗೊಂದಲ ಸಹಜ, ಎರಡೂ ಕಪ್ಪು, ಎರಡೂ ರೆಕ್ಕೆ ಚಾಚಿ ಒಣಗಿಸುತ್ತವೆ. ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದ್ದರೆ ನೀರುಕಾಗೆ. ನೇರ, ಚೂಪು ಕೊಕ್ಕು, ತೆಳ್ಳನೆಯ ಉದ್ದ ಕುತ್ತಿಗೆ ಇದ್ದು, ಈಜುವಾಗ ಮೈಯೆಲ್ಲ ಮುಳುಗಿ ಕುತ್ತಿಗೆ ಮಾತ್ರ ಹೊರಗಿದ್ದರೆ ಹಾವಕ್ಕಿ.

ಮರ್ಲಿನ್ ಆ್ಯಪ್ ಧ್ವನಿ ಕೇಳಿ ಹೆಸರು ಹೇಳುತ್ತದೆ. ಅದನ್ನು ಸುಳಿವು ಎಂದುಕೊಳ್ಳಿ, ತೀರ್ಪು ಎಂದಲ್ಲ. ಕಣ್ಣಿಗೆ ಕಾಣದ್ದನ್ನು ಆ್ಯಪ್ ಹೇಳಿದ ಮಾತ್ರಕ್ಕೆ ಪಟ್ಟಿಗೆ ಸೇರಿಸಬೇಡಿ.

ಹಂತ 8: ಮಾಡಬಾರದ್ದು

ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯಬೇಡಿ. ಎದುರಾಳಿ ಬಂತೆಂದು ಗೂಡು ಬಿಟ್ಟು ಬರುವ ಹಕ್ಕಿಯ ಮೊಟ್ಟೆಯನ್ನು ಕಾಗೆ ತಿನ್ನಲು ಎರಡು ನಿಮಿಷ ಸಾಕು. ಗೂಡಿನ ಫೋಟೋ ತೆಗೆದು ಲೊಕೇಶನ್ ಸಮೇತ ಹಾಕುವುದೂ ಅದೇ ಅಪಾಯ ತರುತ್ತದೆ, ಮರುದಿನ ಅಲ್ಲಿ ಇಪ್ಪತ್ತು ಕ್ಯಾಮೆರಾ ಸೇರಿರುತ್ತವೆ. ಬಾತುಗಳಿಗೆ ಬ್ರೆಡ್, ಮಂಡಕ್ಕಿ ಎಸೆಯಬೇಡಿ. ಡ್ರೋನ್ ಹಾರಿಸಬೇಡಿ; ಜಕ್ಕೂರು, ಯಲಹಂಕ ಎರಡೂ ವಿಮಾನ ಹಾರಾಟದ ವಲಯಗಳು, ಹಕ್ಕಿಗಳ ಮಾತು ಹಾಗಿರಲಿ, ಪೊಲೀಸ್ ಕೇಸೇ ಆದೀತು.

ಅಂತರಗಂಗೆ ದಟ್ಟವಾಗಿ ಹಬ್ಬಿದ ಕಡೆ ಅದು ಗಟ್ಟಿ ನೆಲದಂತೆ ಕಾಣುತ್ತದೆ, ಕೆಳಗೆ ಆಳದ ನೀರಿರಬಹುದು. ಒಣಗಿದಂತೆ ಕಾಣುವ ಹೂಳೂ ಮೊಣಕಾಲುದ್ದ ಎಳೆದುಕೊಳ್ಳುತ್ತದೆ. ಮಕ್ಕಳನ್ನು ದಾರಿಯಿಂದ ಕೆಳಗೆ ಇಳಿಸಬೇಡಿ. ಹುಲ್ಲು ಬೆಳೆದ ದಂಡೆಯಲ್ಲಿ ಕೊಳಕುಮಂಡಲ ಹಾವು ಇರುತ್ತದೆ, ಕಾಣದ ಕಡೆ ಕಾಲಿಡಬೇಡಿ, ಕೂರುವ ಮೊದಲು ಜಾಗ ನೋಡಿ. ನಗರದ ಕೆರೆನೀರಿನಲ್ಲಿ ಕೈ ಅದ್ದಿದರೆ ತಿನ್ನುವ ಮೊದಲು ಸೋಪಿನಿಂದ ತೊಳೆಯಿರಿ. ಬೀದಿನಾಯಿಗಳ ಗುಂಪು ಎದುರಾದರೆ ಓಡದೆ, ನಿಧಾನವಾಗಿ ಪಕ್ಕಕ್ಕೆ ಸರಿಯಿರಿ.

ಹಂತ 9: ಪಟ್ಟಿ ಬರೆಯುವುದು

ಪ್ರತಿ ಕೆರೆಗೂ ಬೇರೆ ಪಟ್ಟಿ. ಶುರುಮಾಡಿದ ಸಮಯ, ಮುಗಿಸಿದ ಸಮಯ, ನಡೆದ ದೂರ, ಎಷ್ಟು ಜನ ಇದ್ದಿರಿ ಎಂಬ ನಾಲ್ಕು ವಿವರ ಮೊದಲು ಬರೆಯಿರಿ. ಇ-ಬರ್ಡ್ ಮೊಬೈಲ್ ಆ್ಯಪ್ ಸಮಯ ಮತ್ತು ದೂರವನ್ನು ತಾನೇ ಅಳೆಯುತ್ತದೆ, ಆದರೆ ಕಾರು ಹತ್ತುವ ಮೊದಲು ಅದನ್ನು ನಿಲ್ಲಿಸಲು ಮರೆತರೆ ಜಕ್ಕೂರಿನ ನಡಿಗೆಗೆ ಯಲಹಂಕದವರೆಗಿನ ರಸ್ತೆಯೂ ಸೇರಿಬಿಡುತ್ತದೆ. ದೊಡ್ಡ ಹಿಂಡನ್ನು ಎಣಿಸುವಾಗ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಎಂದು ನೋಡಿ, ಅಂಥ ತುಂಡುಗಳೆಷ್ಟು ಎಂದು ಲೆಕ್ಕ ಹಾಕಿ. ಎಣಿಸಲಾಗದಿದ್ದರೆ ಅಂದಾಜು ಸಂಖ್ಯೆ ಹಾಕಿ, ಅದ್ಯಾವುದೂ ಆಗದಿದ್ದಾಗ ಮಾತ್ರ ಎಕ್ಸ್ ಗುರುತು (ಹಕ್ಕಿ ಕಂಡಿತು, ಎಣಿಸಲಿಲ್ಲ ಎಂದರ್ಥ).

ಕೊನೆಯಲ್ಲಿ ಆ್ಯಪ್ "ಗುರುತಿಸಿದ ಎಲ್ಲ ಹಕ್ಕಿಗಳ ಪೂರ್ತಿ ಪಟ್ಟಿಯೇ ಇದು?" ಎಂಬರ್ಥದ ಪ್ರಶ್ನೆ ಕೇಳುತ್ತದೆ. ಕಾಗೆ, ಪಾರಿವಾಳ, ಹದ್ದುಗಳನ್ನೂ ಸೇರಿಸಿದ್ದರೆ ಮಾತ್ರ ಹೌದು ಎನ್ನಿ. ಸಂಶೋಧಕರಿಗೆ ಹೆಚ್ಚು ಉಪಯೋಗವಾಗುವುದು ಪೂರ್ತಿ ಪಟ್ಟಿಗಳು, ಏಕೆಂದರೆ ಅವುಗಳಲ್ಲಿ ಇಲ್ಲದ ಹಕ್ಕಿ ನಿಜಕ್ಕೂ ಕಂಡಿಲ್ಲ ಎಂದು ಲೆಕ್ಕ. ಹೆಸರು ಗೊತ್ತಾಗದ ಹಕ್ಕಿಗೆ ಊಹೆಯ ಹೆಸರು ಹಾಕಬೇಡಿ, "ಗೊರವ, ಯಾವುದೆಂದು ತಿಳಿಯದು" ಎಂದು ದಾಖಲಿಸುವ ಅವಕಾಶವೂ ಆ್ಯಪ್‌ನಲ್ಲಿದೆ. ಪಟ್ಟಿಯನ್ನು ಅದೇ ರಾತ್ರಿ ಸಲ್ಲಿಸಿ. ಎರಡು ದಿನ ಬಿಟ್ಟರೆ ಯಾವ ಹಕ್ಕಿ ಯಾವ ಕೆರೆಯದ್ದೆಂದು ನೆನಪಿರುವುದಿಲ್ಲ.